ಮಂಡ್ಯದಿಂದ ಮೈಸೂರಿಗೆ, ಬೈಕಿನಲ್ಲಿ ವೀಣೆ

ಬೈಕಿನಲ್ಲಿ ವೀಣೆ ತೆಗೆದುಕೊಂಡು ಹೋಗಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಯಾರನ್ನೇ ಕೇಳಿದರೂ "ಅಯ್ಯೋ, ವೀಣೇನಾ? ಬೈಕಲ್ಲಾ? ಬೇಡ ಕಣ್ರೀ" ಅಂತಲೇ ಹೇಳಿದ್ದು. ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ನನ್ನ ಮಗಳು ಮಂಡ್ಯದಿಂದ ಮೈಸೂರಿಗೆ ಪಾಠಕ್ಕೆ ಹೋಗುತ್ತಾಳೆ. ಗುರುಗಳ ಮನೆಯಲ್ಲೇ ವೀಣೆ ಇದೆ, ಮಾಮೂಲಿ ದಿನ ಕೈಬೀಸಿಕೊಂಡು ಹೋದರೆ ಆಯಿತು. ಆದರೆ ಸ್ಪರ್ಧೆ ಅಂದಾಗ, ನವರಾತ್ರಿಯಲ್ಲಿ ಯಾರಾದರೂ ಗೊಂಬೆ ಮುಂದೆ ನುಡಿಸಮ್ಮ ಅಂತ ಕರೆದಾಗ, ಕೈಗೆ ಪಳಗಿದ ಸ್ವಂತ ವೀಣೆಯೇ ಬೇಕು. ನಮಗೆ ಕಾರಿಲ್ಲ. ಪ್ರತಿ ಸಲ ಟ್ಯಾಕ್ಸಿ ಮಾಡೋದು ಆಗದ ಮಾತು. ಬಸ್ಸಿನಲ್ಲಿ ಮನುಷ್ಯರು ನಿಲ್ಲುವುದೇ ಕಷ್ಟ, ಇನ್ನು 4 ಅಡಿ ಉದ್ದದ, ಒಂದು ತುದಿಯಲ್ಲಿ ದೊಡ್ಡ ಕೊಡ ಇರುವ ವಾದ್ಯವನ್ನು ಎಲ್ಲಿಡೋದು?

ಹೀಗೆ ವೀಣೆ ಮನೆಯಲ್ಲೇ ಉಳಿಯುತ್ತದೆ. ನನಗೆ ಸಂಕಟ ಆಗುವುದು ಇಲ್ಲೇ. ಪರಿಚಯದ ಮನೆಗಳಲ್ಲಿ ಮಕ್ಕಳು ವೀಣೆ ಬಿಟ್ಟು ಪಿಟೀಲಿಗೋ ಕೀಬೋರ್ಡಿಗೋ ಹೋದದ್ದನ್ನು ನೋಡಿದ್ದೇನೆ. ಆಸಕ್ತಿ ಇಲ್ಲದೆ ಅಲ್ಲ, ಎತ್ತಿಕೊಂಡು ಹೋಗೋಕೆ ಆಗದೆ. ಪಿಟೀಲು ಹೆಗಲಿಗೇರುತ್ತದೆ, ಕೊಳಲು ಬ್ಯಾಗಿನಲ್ಲಿ ಕೂರುತ್ತದೆ. ವೀಣೆ ಶೇಷಣ್ಣನವರು (1852–1926) ನುಡಿಸಿದ, ದೊರೆಸ್ವಾಮಿ ಅಯ್ಯಂಗಾರ್ ಅವರಂಥವರು ಬೆಳೆಸಿದ ಮೈಸೂರು ಬಾನಿಯ (ನುಡಿಸುವ ಶೈಲಿಯ) ಸೀಮೆಯಲ್ಲಿ ಇದ್ದುಕೊಂಡು, ಗಾಡಿ ಇಲ್ಲ ಅನ್ನೋ ಕಾರಣಕ್ಕೆ ಮಗು ವೀಣೆ ಬಿಡಬಾರದು ಅಲ್ವಾ?

ಬಿಡಿಸಿ ಎರಡು ತುಂಡು ಮಾಡುವ ವೀಣೆಗಳೂ ಬಂದಿವೆ, ಎಲೆಕ್ಟ್ರಾನಿಕ್ ವೀಣೆಯೂ ಇದೆ. ಹೊಸದಾಗಿ ಕೊಳ್ಳುವವರು ನೋಡಬಹುದು. ನಮ್ಮದು ಹಲಸಿನ ಮರದ ಹಳೆಯ ವೀಣೆ, ಸುಮಾರು 8 ಕೆಜಿ. ಅದರ ನಾದ ಬಿಟ್ಟು ಬೇರೆಯದಕ್ಕೆ ಮನಸ್ಸು ಒಪ್ಪುವುದಿಲ್ಲ.

ಮೊದಲ ಕೆಲಸ, ದಂಡಿಯ (ವೀಣೆಯ ಉದ್ದ ಕತ್ತಿನ) ಕೆಳಗಿರುವ ಸೋರೆ ಬುರುಡೆ ಬಿಚ್ಚೋದು. ಅದು ತಿರುಪಿನಲ್ಲಿ ಕೂತಿರುತ್ತದೆ, ಸುಲಭವಾಗಿ ಬರುತ್ತದೆ. ಬೇರೆ ಚೀಲಕ್ಕೆ ಹಾಕಿ, ಒಳಗೆ ಹಳೆ ಬಟ್ಟೆ ತುಂಬಿ. ಆಮೇಲೆ ತಂತಿ. ಪ್ರಯಾಣ ಅಂತ ಎಲ್ಲಾ ತಂತಿಯನ್ನೂ ಪೂರ್ತಿ ಸಡಿಲ ಮಾಡುವವರಿದ್ದಾರೆ, ಅದು ಬೇಡ. ನಮ್ಮ ವೀಣೆಯಲ್ಲಿ ಕುದುರೆ (ಕೊಡದ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು) ಕೂತಿರುವುದೇ ತಂತಿಗಳ ಬಿಗಿಯಿಂದ, ಪೂರ್ತಿ ಬಿಟ್ಟರೆ ಕುದುರೆ ಜಾರುತ್ತದೆ, ಮತ್ತೆ ಅದೇ ಜಾಗದಲ್ಲಿ ಕೂರಿಸುವುದು ತಲೆನೋವು. ಬಿರಡೆ (ತಂತಿ ಬಿಗಿಸುವ ಗೂಟ) ಒಂಚೂರು ತಿರುಗಿಸಿ ಶ್ರುತಿ ಸ್ವಲ್ಪ ಇಳಿಸಿದರೆ ಸಾಕು. ತಂತಿಗೂ ಅದರ ಕೆಳಗೆ ಸ್ವರಕ್ಕೊಂದರಂತೆ ಇರುವ ಮೆಟ್ಟಿಲಿಗೂ ನಡುವೆ ಒಂದು ತೆಳು ಹತ್ತಿ ಬಟ್ಟೆಯನ್ನು ಉದ್ದಕ್ಕೆ ತೂರಿಸಿ. ಕುದುರೆಯ ಎರಡೂ ಪಕ್ಕ ಮಡಿಚಿದ ಟವೆಲ್ ಇಟ್ಟು ಕಟ್ಟಿ, ಕುದುರೆಗಿಂತ ಎತ್ತರ ಬರಬೇಕು. ಬ್ರೇಕ್ ಹಾಕಿದಾಗ ಹಿಂದೆ ಕೂತವರ ಭಾರ ಟವೆಲ್ ಮೇಲೆ ಬೀಳಬೇಕು, ಕುದುರೆ ಮೇಲಲ್ಲ.

ಇನ್ನು ಕೂರುವ ರೀತಿ. ಇದೇ ಮುಖ್ಯ. ಓಡಿಸುವವರು ಟ್ಯಾಂಕಿನ ಹತ್ತಿರಕ್ಕೆ ಸರಿದು ಕೂರಬೇಕು. ಹಿಂದಿನವರು ಎರಡೂ ಕಡೆ ಕಾಲು ಹಾಕಿಯೇ ಕೂರಬೇಕು, ಸೀರೆ ಉಟ್ಟು ಒಂದೇ ಕಡೆ ಕೂರುತ್ತೇನೆ ಅಂದರೆ ವೀಣೆ ಬೇಡ. ನಡುವೆ ಸೀಟಿನ ಮೇಲೆ ಮಡಿಚಿದ ಕಂಬಳಿ, ಅದರ ಮೇಲೆ ಕೊಡ. ಕೊಡದ ಉಬ್ಬು ಓಡಿಸುವವರ ಬೆನ್ನಿಗೆ, ತಂತಿಯ ಮುಖ ಹಿಂದಿನವರ ಕಡೆಗೆ. ದಂಡಿ ಓರೆಯಾಗಿ ಅವರ ಎಡ ಭುಜದ ಮೇಲೆ ಹೋಗಿ, ತುದಿಯಲ್ಲಿ ಕೆತ್ತಿದ ಯಾಳಿ ಮುಖ ಹಿಂದಕ್ಕೆ ಮೇಲಕ್ಕೆ ಬರುತ್ತದೆ. ಹೆಲ್ಮೆಟ್ ಯಾಳಿಗೆ ಬಡಿಯದ ಹಾಗೆ ತಲೆ ಬಲಕ್ಕೆ. ಒಂದು ಕೈ ದಂಡಿಯ ಬುಡದಲ್ಲಿ, ಇನ್ನೊಂದು ಕೊಡವನ್ನು ಬಳಸಿ. ಬಿರಡೆ ಹಿಡಿದು ಎತ್ತಬಾರದು, ಯಾವತ್ತೂ. ಅಡ್ಡಡ್ಡ ಇಟ್ಟುಕೊಂಡು ಹೋಗುವುದನ್ನು ಮಾತ್ರ ಯೋಚನೆಯನ್ನೂ ಮಾಡಬೇಡಿ, ಹ್ಯಾಂಡಲ್‌ಗಿಂತ ಆಚೆ ಎರಡೂ ಕಡೆ ಚಾಚಿಕೊಳ್ಳುತ್ತದೆ, ಪಕ್ಕದಲ್ಲಿ ಬರುವವರಿಗೆ ಅದು ಕಾಣುವುದೇ ಇಲ್ಲ.

2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು ಬಿಡುವುದಿಲ್ಲ. ನಮ್ಮಂಥವರಿಗೆ ಸರ್ವಿಸ್ ರಸ್ತೆಯೇ ಗತಿ. ವೀಣೆ ಇರುವಾಗ ನನಗೇನೋ ಅದೇ ವಾಸಿ, ಪಕ್ಕದಲ್ಲಿ ನೂರರ ವೇಗದಲ್ಲಿ ಕಾರು ನುಗ್ಗುವುದಿಲ್ಲ. 45 ಕಿಲೋಮೀಟರ್ ದಾರಿಯನ್ನು 40ರ ವೇಗ ಮೀರದೆ ಹೋಗುತ್ತೇವೆ. ಹಂಪ್ ಬರುವ ಮೊದಲೇ "ಹಂಪ್" ಅಂತ ಕೂಗುತ್ತೇನೆ, ಅವಳು ಕೊಡವನ್ನು ಸೀಟಿನಿಂದ ಒಂದು ಬೆರಳಷ್ಟು ಎತ್ತಿ ಹಿಡಿಯುತ್ತಾಳೆ. ಆ ಒಂದು ಬೆರಳಿನಲ್ಲೇ ಎಲ್ಲಾ ಇದೆ. ಏಟು ಅವಳ ತೋಳಿಗೆ ಹೋಗುತ್ತದೆ, ಕೊಡಕ್ಕೂ ದಂಡಿಗೂ ಇರುವ ಬೆಸುಗೆಗೆ ಹೋಗುವುದಿಲ್ಲ. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆ ಇದ್ದವರಿಗೆ ಆ ಭಯ ಕಮ್ಮಿ, ನಮ್ಮದು ತುಂಡುಗಳನ್ನು ಜೋಡಿಸಿದ ಒಟ್ಟು ವೀಣೆ.

ಕಬ್ಬು ಅರೆಯುವ ಕಾಲದಲ್ಲಿ ಟ್ರಾಕ್ಟರ್ ಹಿಂದೆ ಅಂಟಿಕೊಂಡು ಹೋಗಬೇಡಿ, ಓವರ್‌ಟೇಕೂ ಮಾಡಬೇಡಿ. ಎರಡೂ ಪಕ್ಕ ಜೋತಾಡುವ ಜಲ್ಲೆ ವೀಣೆಯ ಚೀಲಕ್ಕೆ ಸಿಕ್ಕಿಕೊಂಡರೆ ಮುಗಿಯಿತು. ಆಷಾಢದ ಗಾಳಿ ಇನ್ನೊಂದು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಗಾಳಿ ಪಕ್ಕದಿಂದ ಬರುತ್ತದೆ, ಎತ್ತರಕ್ಕೆ ನಿಂತ ವೀಣೆಯ ಚೀಲ ದೋಣಿಯ ಪಟದ ಹಾಗೆ ಬೈಕನ್ನು ಎಳೆಯುತ್ತದೆ. ಅಲ್ಲಿ 20ಕ್ಕೆ ಇಳಿಸಿ, ಹಿಂದಿನಿಂದ ಹಾರನ್ ಹೊಡೆಯುವವರು ಹೊಡೆದುಕೊಳ್ಳಲಿ.

ಬಿಸಿಲು ರಸ್ತೆಯ ಹಂಪ್‌ಗಿಂತ ಕೆಟ್ಟದ್ದು. ವೀಣೆಯ 24 ಮೆಟ್ಟಿಲೂ ಕೂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ಕಪ್ಪು ಸೇರಿಸಿ ಮಾಡಿದ ಮೇಣ, ಬಿಸಿಲಿಗೆ ಮೆತ್ತಗಾಗುತ್ತದೆ. ಮೆಟ್ಟಿಲು ಒಂದು ಕೂದಲೆಳೆಯಷ್ಟು ವಾಲಿದರೂ ಸ್ವರಸ್ಥಾನ ಹೋಯಿತು, ಮತ್ತೆ ಮೇಳ ಕಟ್ಟಿಸಬೇಕು, ಅಂದರೆ ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸಬೇಕು. ಕಪ್ಪು ಬಣ್ಣದ ಚೀಲ ಹೊಲಿಸಬೇಡಿ, ಬಿಳಿ ಅಥವಾ ತಿಳಿ ಬಣ್ಣದ ಕ್ಯಾನ್ವಾಸ್ ಹೊಲಿಸಿ. ಬೇಸಿಗೆಯಲ್ಲಿ ನಾವು ಬೆಳಗ್ಗೆ ತಿಂಡಿಗೆ ಮೊದಲೇ ಹೊರಡುತ್ತೇವೆ. ಟೀ ಕುಡಿಯೋಕೆ ನಿಲ್ಲಿಸಿದರೆ ನೆರಳಿನಲ್ಲಿ, ವೀಣೆ ಕೈಯಲ್ಲೇ ಇರುತ್ತದೆ. ಮಳೆಗಾಲದಲ್ಲಿ ಮೋಡ ಕಂಡರೂ ಹೊರಡುವುದಿಲ್ಲ. ಮರ ನೀರು ಕುಡಿದರೆ ಬಿರಡೆ ಹಿಗ್ಗಿ ಕೂತುಬಿಡುತ್ತದೆ.

ಮೈಸೂರು ತಲುಪಿದ ಮೇಲೆ ಅವಳ ಮೊದಲ ಕೆಲಸ ಚೀಲ ಬಿಚ್ಚಿ ಮೆಟ್ಟಿಲುಗಳ ಮೇಲೆ ಹೆಬ್ಬೆರಳು ಓಡಿಸೋದು. ಅಲುಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಕುದುರೆ ನೋಡುತ್ತಾಳೆ, ಬುರುಡೆ ಸಿಕ್ಕಿಸುತ್ತಾಳೆ, ಆಮೇಲೆ ಮೊದಲ ತಂತಿ ಸಾರಣಿಯಿಂದ ಶುರುಮಾಡಿ ಶ್ರುತಿ. ಇದಕ್ಕೆ ಅರ್ಧ ಗಂಟೆ ಬಿಡುವು ಇಟ್ಟುಕೊಂಡೇ ಮಂಡ್ಯ ಬಿಡಬೇಕು. ಕುವೆಂಪುನಗರದ ವೀಣೆ ಶೇಷಣ್ಣ ಭವನದಂಥ ಕಡೆ ಕಚೇರಿ ಕೇಳೋಕೆ ಹೋದಾಗಲೂ ಗಮನಿಸಿ, ದೊಡ್ಡ ಕಲಾವಿದರೂ ಬಂದ ತಕ್ಷಣ ನುಡಿಸುವುದಿಲ್ಲ.

ಒಬ್ಬರೇ ಬೆನ್ನಿಗೆ ಕಟ್ಟಿಕೊಂಡು ಹೋಗಬಹುದಾ ಅಂತ ಕೇಳುತ್ತಾರೆ. ಬೇಡ. ಬಿದ್ದರೆ ನಿಮ್ಮ ಬೆನ್ನೂ ಹೋಗುತ್ತದೆ, ವೀಣೆಯೂ ಹೋಗುತ್ತದೆ. ಹಿಂದೆ ಕೂರಲು ಯಾರೂ ಸಿಗದ ದಿನ ಆಟೋದಲ್ಲಿ ಮಂಡ್ಯ ಸ್ಟೇಷನ್‌ಗೆ ಹೋಗಿ, ಆಫೀಸಿನವರ ರಷ್ ಮುಗಿದ ಮೇಲಿನ ರೈಲು ಹಿಡಿಯಿರಿ. ಕೊಡ ಪಾದದ ಮೇಲಿಟ್ಟು, ದಂಡಿ ಭುಜಕ್ಕೆ ಒರಗಿಸಿಕೊಂಡು ಕೂತರೆ ಒಂದು ಗಂಟೆಯ ಆಸುಪಾಸಿನಲ್ಲಿ ಮೈಸೂರು.