ಹ್ಯಾನಿಂಗ್ ಅಂದ್ರ ಯಾರು?

ನಮ್ಮ ರಾಯಚೂರಿನ ಹುಡುಗರು ಸಿಗ್ನಲ್ ಪ್ರೊಸೆಸಿಂಗ್ (ದನಿಯಂಥ ಸಂಕೇತಗಳನ್ನ ಲೆಕ್ಕದಿಂದ ತಿದ್ದೋ ವಿದ್ಯೆ) ಓದುವಾಗ ಅದರಾಗಿನ ‘ಹ್ಯಾಮಿಂಗ್’, ‘ಹ್ಯಾನಿಂಗ್’ ಅನ್ನೋ ಎರಡು ಲೆಕ್ಕದ ವಿಧಾನಗಳ ಹೆಸರು ನೋಡಿ, ಇಬ್ರೂ ಅಣ್ತಮ್ರು ಅಂದ್ಕಂತಾರ. ರಿಚರ್ಡ್ ಹ್ಯಾಮಿಂಗ್ ಖರೇನೂ ಇದ್ರು, ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಾಗ. ಹ್ಯಾನಿಂಗ್ ಸಾಹೇಬರು ಮಾತ್ರ ಹುಟ್ಟೇ ಇಲ್ಲ! ಇದ್ದೋರು ಯೂಲಿಯಸ್ ಫಾನ್ ಹಾನ್ (1839-1921), ಆಸ್ಟ್ರಿಯಾದ ಹವಾಮಾನ ತಜ್ಞರು. ನಡುವಿನ ಅಂಕಿಗೆ ಅರ್ಧ, ಅಕ್ಕಪಕ್ಕದವಕ್ಕ ಕಾಲು ಕಾಲು ತೂಕ ಕೊಟ್ಟು ಏರಿಳಿತ ತಗ್ಗಿಸೋ ಲೆಕ್ಕ ಅವರ ಹೆಸರಿಗೆ ಅಂಟಿಕೊಂಡೈತಿ. (ನಮ್ಮೂರ ಮೇ ತಿಂಗಳ ಬಿಸಿಲು ಯಾವ ಸರಾಸರಿಗೂ ತಗ್ಗಂಗಿಲ್ಲ, ಬಿಡ್ರಿ.) 1958ರಾಗ ಬ್ಲ್ಯಾಕ್‌ಮನ್, ಟ್ಯೂಕಿ ಅನ್ನೋ ಸಂಶೋಧಕರಿಬ್ರೂ ಹಾನ್ ಹೆಸರಿಗೆ ‘ing’ ಹಚ್ಚಿ ಈ ಕೆಲಸಕ್ಕ ‘ಹ್ಯಾನಿಂಗ್’ ಅಂದ್ರು, ಜನ ಅದನ್ನ ಮನುಷ್ಯಾನ ಹೆಸರೇ ಮಾಡಿಬಿಟ್ರು. ಟ್ಯೂಕಿ ಅಂತೂ ಭಾರಿ ತುಂಟ. 1963ರಾಗ ಗೆಳೆಯರ ಜೋಡಿ ಸೇರಿ ‘ಸ್ಪೆಕ್ಟ್ರಮ್’ (spectrum, ಸಂಕೇತದಾಗ ಯಾವ ಕಂಪನ ಎಷ್ಟೈತಿ ಅನ್ನೋ ಲೆಕ್ಕ) ಪದದ ಮೊದಲ ಅಕ್ಷರಗಳನ್ನ ತಿರುವಿ, ಅದರಿಂದ ತೆಗೆಯೋ ಇನ್ನೊಂದು ಲೆಕ್ಕಕ್ಕ ‘ಕೆಪ್‌ಸ್ಟ್ರಮ್’ (cepstrum) ಅಂತ ಹೆಸರಿಟ್ಟ. ಅದೂ ಪಠ್ಯಪುಸ್ತಕಕ್ಕ ಬಂದು ಕುಂತೈತಿ.