ಹೀರಿಕಾಯಿ ಬೇಕೋ, ಮೈಕ್ ಬೇಕೋ

ನಮ್ಮ ಚರ್ಚಿನ ಸುಗ್ಗಿ ಹಬ್ಬದ ಆರಾಧನೆ ಈ ಸಲ ಬೇಗ ಮುಗಿಯಿತು. ಜನ ಕಾಯುವುದು ಹರಾಜಿಗೆ ಅಂತ ಪಾಸ್ಟರ್‌ಗೂ ಗೊತ್ತು. ಪೀಠದ ಮುಂದೆ ಕಾಣಿಕೆಯಾಗಿ ಇಟ್ಟಿದ್ದ ಶೇಂಗಾ, ಉಳ್ಳಾಗಡ್ಡಿ, ಹೆಸರುಕಾಳು, ತೆಂಗಿನಕಾಯಿ, ಕಾಲು ಕಟ್ಟಿದ ಜವಾರಿ ಕೋಳಿ ಎಲ್ಲವೂ ಹೊರಗಿನ ಶಾಮಿಯಾನಕ್ಕೆ ಬಂದವು. ಹರಾಜು ಕೂಗುವವರು ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು. ಅವರ ದನಿಗೆ ಮೈಕ್ ಬೇಕಾಗಿಲ್ಲ. ಆದರೂ ಮೈಕ್ ಬಿಡಲ್ಲ.

ನಮ್ಮ ಸಭೆಯಲ್ಲಿ ಇಬ್ಬರು ಕಾಯಂ ಗಿರಾಕಿಗಳಿದ್ದಾರೆ. ಒಬ್ಬರು ಕಾಂಟ್ರ್ಯಾಕ್ಟರ್, ಇನ್ನೊಬ್ಬರದು ಪ್ಲಾಟ್ ವ್ಯಾಪಾರ. ಒಬ್ಬರು ಐದುನೂರು ಅಂದರೆ ಇನ್ನೊಬ್ಬರು ಸಾವಿರ ಅನ್ನಲೇಬೇಕು. ಕೆಟ್ಟವರೇನಲ್ಲ. ಕೋವಿಡ್ ಟೈಮಲ್ಲಿ ಕಾಂಟ್ರ್ಯಾಕ್ಟರ್ ಮನೆಮನೆಗೆ ರೇಷನ್ ಕಿಟ್ ಹಂಚಿದ್ದರು. ಪ್ರತಿ ಕಿಟ್ ಮೇಲೂ ಅವರ ಫೋಟೊ ಇತ್ತು, ಆ ಮಾತು ಬೇರೆ.

ಕೋಳಿ ಆಯಿತು, ಶೇಂಗಾ ಆಯಿತು. ಆಮೇಲೆ ಹಿರಿಯರು ಒಂದು ಹಳೇ ವೈರ್ ಬುಟ್ಟಿ ಎತ್ತಿ ಹಿಡಿದರು. ಒಳಗೆ ಹೀರಿಕಾಯಿ. ಎಳೇವು, ಗೀರುಗಳ ಮೇಲೆ ಇನ್ನೂ ಬೆಳಗಿನ ನೀರು ಹಂಗೇ ಇತ್ತು. ಒಂದಕ್ಕೆ ತುದಿಯಲ್ಲಿ ಬಾಡಿದ ಹಳದಿ ಹೂವೂ ಅಂಟಿತ್ತು. ತಂದಿದ್ದು ಬೆಟಗೇರಿಯ ನೇಕಾರರ ಮನೆಗಳಲ್ಲಿ ನೂಲಿನ ಕಂಡಕಿ ಸುತ್ತಿ ಬದುಕಿದ ಒಬ್ಬ ಅಜ್ಜಿ. ಈಗ ಕಣ್ಣು ಮಂಜು, ಕೆಲಸ ಇಲ್ಲ. ಬಚ್ಚಲ ನೀರಿಗೆ ಬಳ್ಳಿ ಹಚ್ಚಿದ್ದಾರೆ.

"ಅಜ್ಜೀನ ಬಳ್ಳಿಯ ಕಾಯಿ! ನೂರಾ ಒಂದು!" ಅಂತ ಶುರುವಾಯಿತು. ನೂರು ಐದುನೂರಾಯಿತು, ಐದುನೂರು ಸಾವಿರವಾಯಿತು. ಚಪ್ಪಾಳೆ ಬಿತ್ತು. ಎರಡು ಸಾವಿರ ದಾಟಿದ ಮೇಲೆ ಹಿಂದಿನ ಕುರ್ಚಿಯಿಂದ ಅಜ್ಜಿ ಎದ್ದು ನಿಂತರು.

"ಏ ತಮ್ಮಾ, ನಿಲ್ಲಸಪಾ. ಬಜಾರದಾಗ ನಲವತ್ತು ರೂಪಾಯಿಗೆ ಸಿಗ್ತಾವ ಇವು. ನಿಮಗ ಹೀರಿಕಾಯಿ ಬೇಕೋ, ಮೈಕ್ ಬೇಕೋ?"

ಮೊದಲು ಹುಡುಗರು ನಕ್ಕರು, ಆಮೇಲೆ ಎಲ್ಲರೂ. ಕಾಂಟ್ರ್ಯಾಕ್ಟರ್ ಕೂಡ ನಕ್ಕರು, ಆದರೆ ಕಿವಿ ಕೆಂಪಾಗಿದ್ದವು. ನಕ್ಕು ಸುಮ್ಮನಾಗಬೇಕಿತ್ತು. ಇಲ್ಲ, 3,100 ಅಂದುಬಿಟ್ಟರು. ಹರಾಜು ಅವರ ಹೆಸರಿಗೆ ನಿಂತಿತು. ತಕ್ಷಣ, "ಕಾಯಿ ಅಜ್ಜಿಗೇ ತಿರುಗಿ ಕೊಡ್ರಿ" ಅಂತ ಹೇಳಿ ಫೋಟೊ ತೆಗೆಯುವವನ ಕಡೆ ನೋಡಿದರು. ಅಜ್ಜಿ ಬುಟ್ಟಿ ಮುಟ್ಟಲೇ ಇಲ್ಲ.

"ಸ್ವಾಮಿಗೆ ಕೊಟ್ಟಿದ್ದು ತಿರುಗಿ ಹ್ಯಾಂಗ ಒಯ್ಯಲಿ? ನೀನ ಒಯ್ಯಿ. ಸಿಪ್ಪಿ ಒಗೀಬ್ಯಾಡ, ಚಟ್ನಿ ಮಾಡಸು."

ಭಾನುವಾರದಿಂದ ಇವತ್ತಿನವರೆಗೂ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇದೆ. ಬೈಕ್ ಓಡಿಸುವಾಗ, ಊಟಕ್ಕೆ ಕೂತಾಗ. ಹೀರಿಕಾಯಿ ಬೇಕೋ, ಮೈಕ್ ಬೇಕೋ. ಅಜ್ಜಿ ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಅದೇ ಮಜಾ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

ಅವತ್ತು ಪಾಸ್ಟರ್ ಮಾಡಿದ ಪ್ರಸಂಗ ಯಾವುದರ ಮೇಲೆ ಅಂತ ಬೇರೆ ಹೇಳಬೇಕಾ? ಸುಗ್ಗಿ ಹಬ್ಬ ಅಂದ ಮೇಲೆ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ, ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆ. ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆಯೇ ಅಂತ ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ ಕಥೆ. ಆ ಕಾಲದಲ್ಲಿ ಒಂದು ದಿನದ ಕೂಲಿ ಒಂದು ದಿನಾರಿ. ಆಕೆ ಹಾಕಿದ ಎರಡೂ ಕಾಸು ಸೇರಿದರೆ ಆ ಕೂಲಿಯ 64ರಲ್ಲಿ ಒಂದು ಪಾಲು. ಇಲ್ಲಿ ಕೂಲಿ 400 ಅಂತ ಹಿಡಿದರೆ ಆರೂಕಾಲು ರೂಪಾಯಿ. ಒಂದು ಚಹಾನೂ ಬರಲ್ಲ. ಯೆಹೂದ್ಯರ ಹಳೇ ಬರಹಗಳ ಪ್ರಕಾರ ಯೆರೂಸಲೇಮಿನ ದೇವಾಲಯದಲ್ಲಿ ಇಂಥ ಪೆಟ್ಟಿಗೆಗಳು 13 ಇದ್ದವು, ಬಾಯಿ ಕೊಂಬಿನ ಆಕಾರದ್ದು. ದಾನ ಮಾಡುವಾಗ ಕೊಂಬು ಊದಿಸಬೇಡ ಅಂತ ಯೇಸುಸ್ವಾಮಿ ಮತ್ತಾಯನ 6ನೇ ಅಧ್ಯಾಯದಲ್ಲಿ ಹೇಳುತ್ತಾರಲ್ಲ, ಅದು ಓದಿದಾಗಲೆಲ್ಲ ನನಗೆ ಈ ಪೆಟ್ಟಿಗೆಗಳೇ ನೆನಪಾಗುತ್ತವೆ. ಈ ವಾರ ನಮ್ಮ ಹಿರಿಯರ ಮೈಕೂ ನೆನಪಾಯಿತು.

ಈ ವಿಧವೆಯ ಕಥೆಯನ್ನು ನಾವು ಕಾಣಿಕೆ ಎತ್ತುವುದಕ್ಕೇ ಇಟ್ಟುಕೊಂಡುಬಿಟ್ಟಿದ್ದೇವೆ ಅಂತ ನನ್ನ ತಕರಾರು. "ನೋಡಿ, ಆಕೆ ಇದ್ದದ್ದೆಲ್ಲಾ ಕೊಟ್ಟಳು, ನೀವೂ ಕೊಡಿ" ಅಂದಲ್ಲಿಗೆ ಪ್ರಸಂಗ ಮುಗೀತು. ಹಿಂದು ಮುಂದು ಯಾರೂ ಓದಲ್ಲ. ಆಕೆಯ ಕಥೆ ಶುರುವಾಗುವುದಕ್ಕೆ ಒಂದೇ ಒಂದು ವಚನ ಮುಂಚೆ, ವಿಧವೆಯರ ಮನೆಗಳನ್ನು ನುಂಗುತ್ತಾ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಸ್ವಾಮಿ ಎಚ್ಚರಿಸಿದ್ದಾರೆ. ಕಥೆ ಮುಗಿದ ಕೂಡಲೇ ಶಿಷ್ಯನೊಬ್ಬ, ಆಹಾ ಎಂಥಾ ಕಲ್ಲು, ಎಂಥಾ ಕಟ್ಟಡ ಅನ್ನುತ್ತಾನೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯಲ್ಲ ಅನ್ನುತ್ತಾರೆ ಸ್ವಾಮಿ. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಕೆಡವಿದರು. ಅಂದರೆ ಆಕೆಯ ಕೊನೇ ಎರಡು ಕಾಸು ಹೋಗಿದ್ದು ಬಿದ್ದುಹೋಗುವ ಕಟ್ಟಡಕ್ಕೆ. ಇದನ್ನೆಲ್ಲಾ ಜೋಡಿಸಿ ಓದಿದರೆ ಸ್ವಾಮಿಯ ಮಾತಿನಲ್ಲಿ ಬರೀ ಮೆಚ್ಚುಗೆ ಇಲ್ಲ, ಸಂಕಟವೂ ಇದೆ ಅನಿಸುತ್ತದೆ. ನಮ್ಮ ಪಾಸ್ಟರ್ ಇದನ್ನು ಒಪ್ಪಲ್ಲ. ಭಕ್ತಿಯನ್ನು ಮೆಚ್ಚಿದ್ದೇ ಮುಖ್ಯ ಅನ್ನುತ್ತಾರೆ. ಇರಲಿ.

ಇನ್ನೊಂದು ಸಂಗತಿ. ಸ್ವಾಮಿ ಆ ಮಾತು ಹೇಳಿದ್ದು ಶಿಷ್ಯರನ್ನು ಹತ್ತಿರ ಕರೆದು, ಆಕೆಯನ್ನು ಕರೆದಲ್ಲ. ಆಕೆಯ ಹೆಸರು ಕೂಗಲಿಲ್ಲ, ನಿಲ್ಲಿಸಲಿಲ್ಲ. ಆಕೆ ಅವತ್ತು ರಾತ್ರಿ ಏನು ಉಂಡಳೋ, ಸುವಾರ್ತೆಯಲ್ಲಿ ಇಲ್ಲ. ಸ್ವಾಮಿ ಪೆಟ್ಟಿಗೆಯ ಎದುರು ಕೂತು ನೋಡುತ್ತಿದ್ದರು ಅಂತ ಮಾತ್ರ ಇದೆ. ಶ್ರೀಮಂತರು ಬಹಳ ಹಾಕುವುದನ್ನೂ ನೋಡಿದರು, ಅವರನ್ನೂ ತಡೆಯಲಿಲ್ಲ. ಯೇಸುವನ್ನು ಹಿಂಬಾಲಿಸುವುದು ಅಂದರೆ ಮೊದಲು ಅವರು ನೋಡಿದ ಕಡೆ ನೋಡುವುದು ಅಂತ ಈ ವಾರ ನನಗೆ ಅನಿಸುತ್ತಿದೆ. ನಾವು ಹತ್ತಾರು ವರ್ಷದಿಂದ ಆ ಅಜ್ಜಿಯ ಕಾಣಿಕೆ ತೆಗೆದುಕೊಳ್ಳುತ್ತಿದ್ದೇವೆ. ಅವರಿಗೆ ಬರುವುದು ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ. ಅವರ ಹೀರಿಕಾಯಿಗೆ ನಾವು ಕೂಗಿದ್ದು ಎರಡು ತಿಂಗಳ ಪಿಂಚಣಿಗಿಂತ ಜಾಸ್ತಿ. ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಚರ್ಚಿನ ಮಾಡಿಗೆ.

ಮಾಡು ಸೋರುವುದೂ ನಿಜ. ಹಳೇ ಕಟ್ಟಡ, ಮಂಗಳೂರು ಹೆಂಚು. 1841ರಲ್ಲಿ ಬೆಟಗೇರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರೇ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದವರು. ಹಂಗಾಗಿ ಈ ಕಡೆಯ ಸಭೆಗಳಿಗೆ ಹೆಂಚು ಅಂದರೆ ಒಂಥರಾ ಮನೆತನದ ಆಸ್ತಿ, ಶೀಟ್ ಹಾಕೋಣ ಅಂದರೆ ಜಗಳ. ಕಾಂಟ್ರ್ಯಾಕ್ಟರ್ ಮತ್ತು ಪ್ಲಾಟ್‌ನವರ ಜಿದ್ದು ಇಲ್ಲದಿದ್ದರೆ ಮಳೆಗಾಲದಲ್ಲಿ ನಾವು ಕೊಡೆ ಹಿಡಿದು ಹಾಡಬೇಕಾಗುತ್ತದೆ. ಅದಕ್ಕೇ ಹರಾಜು ಬೇಡ ಅನ್ನುವ ಧೈರ್ಯ ನನಗಿಲ್ಲ. ಮೈಕ್ ಬೇಡ ಅನ್ನಬಹುದು.

ಬುಧವಾರ ಕಮಿಟಿ ಕೂತಿತ್ತು. ಹರಾಜಿನ ದುಡ್ಡಲ್ಲಿ ಒಂದು ಭಾಗ ತೆಗೆದು ಇಂಥ ಒಂಟಿ ಹಿರಿಯರಿಗೆ ತಿಂಗಳ ರೇಷನ್ ಕೊಡೋಣ ಅಂತ ಕೇಳಿದೆ. ಖಜಾಂಚಿ ಕನ್ನಡಕ ಮೇಲೆತ್ತಿ, "ಒಳ್ಳೇ ವಿಚಾರ, ಮುಂದಿನ ವರ್ಷ ನೋಡೋಣ" ಅಂದರು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ ಅಂದೆ. ಗೊಣಗಿದರು, ಆದರೂ ಬರೆದರು.

ಆಮೇಲೆ ಅಸಲಿ ವಿಷಯ ಬಂತು. ಅಜ್ಜಿ ಹಂಗೆ ಎಲ್ಲರ ಮುಂದೆ ಮಾತಾಡಬಾರದಿತ್ತು, ದೊಡ್ಡ ಮನುಷ್ಯರಿಗೆ ಬೇಜಾರಾಗಿದೆ, ಯಾರಾದರೂ ಹೋಗಿ ಸಮಾಧಾನವಾಗಿ ತಿಳಿಸಿ ಹೇಳಬೇಕು ಅಂತ ತೀರ್ಮಾನ. ಅವರ ಮನೆ ನನ್ನ ದಾರಿಯಲ್ಲೇ ಇರುವುದರಿಂದ ಎಲ್ಲರೂ ನನ್ನ ಮುಖ ನೋಡಿದರು. ಆಗಲ್ಲ ಅಂದೆ. ಪಾಸ್ಟರ್‌ನ ಕೇಳಿದರು, ಅವರಿಗೆ ಈ ವಾರ ಪುರುಸೊತ್ತಿಲ್ಲವಂತೆ. ಹರಾಜು ಕೂಗಿದ ಹಿರಿಯರನ್ನೂ ಕೇಳಿದರು. "ನಾ ಒಲ್ಲೆಪಾ, ಆಕಿ ನನಗೂ ಏನರ ಕೇಳ್ತಾಳ" ಅಂದರಂತೆ. ಇನ್ನೂ ಹುಡುಕುತ್ತಿದ್ದಾರೆ.