ಮಗ ಕಸ್ಟಡಿಯಲ್ಲಿರುವಾಗ ಮಾತ್ರೆ ತಪ್ಪಬಾರದು

ವಯಸ್ಸಿಗೆ ಬಂದ ಮಗನಿಗೋ ಮಗಳಿಗೋ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ಗಂಭೀರ ಮಾನಸಿಕ ಕಾಯಿಲೆಯಿದ್ದು, ಅದರ ಮೇಲೆ ಪೊಲೀಸ್ ಕೇಸೂ ಆಗಿ ಒಳಗೆ ಹೋದರೆ, ಹೆತ್ತವರು ಮೊದಲು ಓಡುವುದು ವಕೀಲರ ಹತ್ತಿರ. ಓಡಲೇಬೇಕು. ಆದರೆ ಅಷ್ಟೇ ತುರ್ತಾದ ಇನ್ನೊಂದು ಕೆಲಸವಿದೆ: ಒಳಗಿರುವವರಿಗೆ ಔಷಧಿ ತಪ್ಪದಂತೆ ನೋಡಿಕೊಳ್ಳುವುದು. ಹೆತ್ತವರು ಬೆನ್ನು ಹತ್ತದಿದ್ದರೆ ಅದು ಬಹಳ ಸಲ ಯಾರ ಕೆಲಸವೂ ಆಗದೆ ಉಳಿದುಬಿಡುತ್ತದೆ. ಎರಡು ವಾರ ಮಾತ್ರೆ ಇಲ್ಲದೆ ಕಳೆದವರು ಕೋರ್ಟಿನಲ್ಲಿ ನಿಂತಾಗ ವಕೀಲರ ಮಾತೇ ತಲೆಗೆ ಹೋಗದ ಸ್ಥಿತಿಯಲ್ಲಿರಬಹುದು. ಆಗ ಕೇಸೂ ಹಾಳು, ಆರೋಗ್ಯವೂ ಹಾಳು.

ಇದಕ್ಕೆ ಬೇಕಾದದ್ದು ಒಂದು ಹಾಳೆ. ಹತ್ತು ವರ್ಷದ ಫೈಲನ್ನು ಹೊತ್ತುಕೊಂಡು ಹೋದರೆ ಯಾರೂ ಓದುವುದಿಲ್ಲ. ಒಂದೇ ಪುಟದಲ್ಲಿ ಹೆಸರು, ಹುಟ್ಟಿದ ದಿನಾಂಕ, ಕಾಯಿಲೆ, ನೋಡುತ್ತಿರುವ ಮನೋವೈದ್ಯರ ಹೆಸರು ಮತ್ತು ಫೋನ್ ಇರಲಿ. ಕೆಳಗೆ ಒಂದೊಂದು ಔಷಧಿಗೂ ಒಂದೊಂದು ಸಾಲು: ಕಂಪನಿಯ ಹೆಸರಲ್ಲದೆ ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಕೊನೆಯ ಡೋಸ್ ತೆಗೆದುಕೊಂಡದ್ದು ಯಾವ ದಿನ, ಎಷ್ಟು ಗಂಟೆಗೆ. ಈ ಕೊನೆಯದನ್ನೇ ಎಲ್ಲರೂ ಮರೆಯುವುದು. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಆದರೆ ಹಿಂದಿನದು ಕೊಟ್ಟ ದಿನ, ಮುಂದಿನದು ಕೊಡಬೇಕಾದ ದಿನ ಎರಡೂ ಬೇಕು. ಯಾವ ಔಷಧಿ ಹಿಂದೆ ಒಗ್ಗಲಿಲ್ಲ, ಏನಾಯಿತು ಎನ್ನುವುದೂ ಇರಲಿ. ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸಿದ್ದರೆ ಯಾವಾಗ, ಹೇಗೆ ಎಂದು ಬರೆಯಿರಿ. ಮರ್ಯಾದೆಗೆ ಅಂಜಿ ಇದನ್ನು ಮುಚ್ಚಿಡುವ ಮನೆಗಳೇ ಹೆಚ್ಚು. ಆದರೆ ಬಂಧನದ ಮೊದಲ ಕೆಲವು ದಿನಗಳೇ ಜೀವಕ್ಕೆ ಅತಿ ಅಪಾಯದ ದಿನಗಳು.

ಆ ಹಾಳೆಯಲ್ಲಿ ಘಟನೆಯ ಬಗ್ಗೆ ಒಂದಕ್ಷರವೂ ಬೇಡ. "ಆವತ್ತು ಅವನು ಮಾತ್ರೆ ಬಿಟ್ಟಿದ್ದ, ಅದಕ್ಕೇ ಹೊಡೆದ" ಎಂದು ಅಕ್ಕರೆಯಿಂದ ಬರೆದ ಸಾಲು ನಾಳೆ ಸಾಕ್ಷ್ಯವಾಗಿ ತಿರುಗಿ ಬರಬಹುದು. ಆದ್ದರಿಂದ ಮೊದಲು ವಕೀಲರಿಗೆ ತೋರಿಸಿ, ಆಮೇಲೆ ಜೈಲಿನ ವೈದ್ಯರಿಗೆ ತಲುಪಿಸಿ. ಕೊಟ್ಟದ್ದಕ್ಕೆ ಸಹಿ, ಸೀಲು, ಇಮೇಲ್ ಪ್ರತಿ, ಏನಾದರೊಂದು ನಿಮ್ಮ ಕೈಯಲ್ಲಿ ಉಳಿಯಬೇಕು. ಮರುದಿನ ಫೋನ್ ಮಾಡಿ ಔಷಧಿ ಶುರುವಾಯಿತೇ ಎಂದು ಕೇಳಿ, ಉತ್ತರ ಕೊಟ್ಟವರ ಹೆಸರು, ಸಮಯ ಬರೆದಿಡಿ.

ಎಲ್ಲ ಔಷಧಿಯೂ ತಪ್ಪಿದಾಗ ಒಂದೇ ತರಹ ಕಾಡುವುದಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೊಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನೇ ಮತ್ತೆ ಕೊಡುವಂತಿಲ್ಲ. ರಕ್ತದೊತ್ತಡ ಕುಸಿಯಬಹುದು, ಫಿಟ್ಸ್ ಬರಬಹುದು. 12.5 ಮಿಲಿಗ್ರಾಂನಿಂದ ಮತ್ತೆ ಮೆಲ್ಲಗೆ ಏರಿಸಬೇಕು. ಮೂರು ದಿನ ಏನೂ ಕೊಡದೆ ನಾಲ್ಕನೆಯ ದಿನ ಪಾಪ ಎಂದು ಪೂರ್ತಿ ಡೋಸ್ ಕೊಟ್ಟುಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಬೈಪೋಲಾರ್‌ಗೆ ಕೊಡುವ ಲ್ಯಾಮೊಟ್ರಿಜಿನ್ ಕೂಡ ಕೆಲವು ದಿನ ನಿಂತುಹೋದರೆ ಕಡಿಮೆ ಡೋಸಿನಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಚರ್ಮದ ಗಂಭೀರ ತೊಂದರೆ ಆಗಬಹುದು. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದ, ನಿದ್ದೆಗೋ ಆತಂಕಕ್ಕೋ ಕೊಡುವ ಕ್ಲೊನಜೆಪಾಮ್, ಲೊರಜೆಪಾಮ್‌ನಂಥ ಮಾತ್ರೆ ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ವಿಷಯದಲ್ಲಿ ತಪ್ಪುವುದರ ಜೊತೆಗೆ ಏರುವ ಅಪಾಯವೂ ಇದೆ: ಸೆಕೆ, ಕುಡಿಯಲು ನೀರು ಸಾಲದಿರುವುದು, ವಾಂತಿಭೇದಿ, ನೋವಿಗೆಂದು ಕೊಟ್ಟ ಐಬುಪ್ರೊಫೆನ್, ಇವೆಲ್ಲ ರಕ್ತದಲ್ಲಿ ಲಿಥಿಯಂ ಪ್ರಮಾಣವನ್ನು ಹೆಚ್ಚಿಸುತ್ತವೆ. ಕೈ ಜೋರಾಗಿ ನಡುಗುವುದು, ನಡೆ ತಪ್ಪುವುದು, ಮಾತು ತೊದಲುವುದು ಕಂಡರೆ ಅದು ತುರ್ತುಸ್ಥಿತಿ. ನಾಟಕ ಮಾಡುತ್ತಿದ್ದಾನೆ ಎಂದು ಕಾವಲಿನವರು ತಿಳಿದುಕೊಳ್ಳುವ ಸಂಭವವಿದೆ, ಆದ್ದರಿಂದ ಈ ಲಕ್ಷಣಗಳನ್ನೂ ಹಾಳೆಯಲ್ಲಿ ಬರೆದಿಟ್ಟಿರಿ.

ಸಿಗರೇಟಿನ ವಿಷಯ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ತಂಬಾಕಿನ ಹೊಗೆ ಕ್ಲೊಜಪಿನ್ ಮತ್ತು ಅದೇ ಬಗೆಯ ಒಲಾಂಜಪಿನ್ ದೇಹದಿಂದ ಬೇಗ ಖರ್ಚಾಗುವಂತೆ ಮಾಡುತ್ತದೆ. ದಿನಕ್ಕೆ ಒಂದು ಪ್ಯಾಕ್ ಸೇದುತ್ತಿದ್ದವರು ಧೂಮಪಾನ ನಿಷೇಧವಿರುವ ಜೈಲಿಗೆ ಹೋದರೆ ಅದೇ ಡೋಸ್ ಒಂದು ವಾರದೊಳಗೆ ಅತಿಯಾಗಬಹುದು: ಎಚ್ಚರವೇ ಇಲ್ಲದಂಥ ನಿದ್ದೆ, ಜೊಲ್ಲು, ತಲೆಸುತ್ತು, ಫಿಟ್ಸ್. ಇದು ನಿಕೋಟಿನ್‌ನ ಕೆಲಸವಲ್ಲ, ಹೊಗೆಯದು. ನಿಕೋಟಿನ್ ಪ್ಯಾಚ್ ಹಚ್ಚಿದರೂ ಡೋಸ್ ಬದಲಿಸಬೇಕಾಗಬಹುದು. ದಿನಕ್ಕೆ ಎಷ್ಟು ಸೇದುತ್ತಿದ್ದರು ಎಂಬುದೂ ಆ ಹಾಳೆಗೆ ಸೇರಲಿ.

"ವಯಸ್ಕರ ಮಾಹಿತಿ ನಿಮಗೆ ಹೇಳಲಾಗದು" ಎಂಬ ಮಾತು ಆಸ್ಪತ್ರೆಯಲ್ಲೂ ಜೈಲಿನಲ್ಲೂ ಕೇಳಿಬರುತ್ತದೆ. ಬೇಸರವಾದರೂ ವಾದಕ್ಕಿಳಿಯಬೇಡಿ. ಗೋಪ್ಯತೆಯ ನಿಯಮ ಅವರ ಬಾಯಿ ಕಟ್ಟುತ್ತದೆ, ಕಿವಿಯನ್ನಲ್ಲ. "ನೀವು ಏನೂ ಹೇಳುವುದು ಬೇಡ, ನಾನು ಹೇಳುವುದನ್ನು ಬರೆದುಕೊಳ್ಳಿ" ಎಂದರೆ ಹೆಚ್ಚಿನವರು ಬರೆದುಕೊಳ್ಳುತ್ತಾರೆ. ಮಗ ಚೆನ್ನಾಗಿರುವ ದಿನಗಳಲ್ಲಿಯೇ ಒಪ್ಪಿಗೆಪತ್ರಕ್ಕೆ ಸಹಿ ಪಡೆದಿಟ್ಟುಕೊಂಡರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಫೀಸು ಕೊಡುವವರು ನೀವಾದರೂ ವಕೀಲರು ನಿಮ್ಮವರಲ್ಲ, ಮಗನವರು. ಅವರಿಬ್ಬರು ಮಾತಾಡುವಾಗ ನೀವು ಹೊರಗಿರುವುದೇ ಮೇಲು; ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಆ ಮಾತಿಗಿರುವ ಕಾನೂನಿನ ರಕ್ಷಣೆ ತಪ್ಪಬಹುದು, ನಿಮ್ಮನ್ನೇ ಸಾಕ್ಷಿಗೆ ಕರೆಯಬಹುದು.

ಕೋರ್ಟಿನಲ್ಲಿ ಎರಡು ಪ್ರಶ್ನೆಗಳು ಬೇರೆ ಬೇರೆ, ಹೆತ್ತವರು ಇವನ್ನು ಒಂದೇ ಎಂದುಕೊಳ್ಳುತ್ತಾರೆ. ಈಗ, ಈ ಹೊತ್ತಿಗೆ, ಆರೋಪ ಏನೆಂದು ಅರ್ಥ ಮಾಡಿಕೊಂಡು ವಕೀಲರ ಜೊತೆ ಮಾತಾಡುವ ಸ್ಥಿತಿ ಇದೆಯೇ ಎನ್ನುವುದು ಒಂದು. ಇಲ್ಲದಿದ್ದರೆ ವಿಚಾರಣೆ ನಿಲ್ಲುತ್ತದೆ, ಚಿಕಿತ್ಸೆ ನಡೆಯುತ್ತದೆ, ಕೇಸು ಮಾತ್ರ ಹಾಗೇ ಇರುತ್ತದೆ. ಕೃತ್ಯ ನಡೆದ ಗಳಿಗೆಯಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಎನ್ನುವ ಅರಿವಿತ್ತೇ ಎನ್ನುವುದು ಇನ್ನೊಂದು. ಲಂಡನ್ನಿನ ಮೆಕ್‌ನಾಟನ್ ಪ್ರಕರಣದಿಂದ 1843ರಲ್ಲಿ ಹುಟ್ಟಿದ ಈ ಅಳತೆಗೋಲು ಇಂದಿಗೂ ಹಲವು ದೇಶಗಳ ಕಾನೂನಿಗೆ ಆಧಾರ. ಕಾಯಿಲೆಯ ಹೆಸರಿನ ಸರ್ಟಿಫಿಕೇಟ್ ಒಂದೇ ಇದಕ್ಕೆ ಸಾಲದು. ಘಟನೆಗೆ ಮುಂಚಿನ ವಾರಗಳ ದಾಖಲೆ ಬೇಕು: ಯಾವಾಗಿನಿಂದ ನಿದ್ದೆ ಇರಲಿಲ್ಲ, ಯಾರಿಗೆ ಏನು ಮೆಸೇಜ್ ಕಳಿಸಿದ್ದರು, ಯಾವ ದಿನ ಯಾವ ಆಸ್ಪತ್ರೆಯಿಂದ ವಾಪಸು ಕಳಿಸಿದರು. ಫೋನನ್ನು ಅಳಿಸಬೇಡಿ, ಕೋಣೆಯನ್ನು ಗುಡಿಸಿ ಚೊಕ್ಕಟ ಮಾಡಬೇಡಿ. ಕಂಡದ್ದನ್ನೆಲ್ಲ ಬರೆದು ಕೊಡುವುದು ವಕೀಲರಿಗೆ ಮಾತ್ರ.

ಭೇಟಿಯಲ್ಲೂ ಫೋನಿನಲ್ಲೂ ಘಟನೆಯ ಮಾತೇ ಬೇಡ. ಅನೇಕ ಕಡೆ ಜೈಲಿನ ಕರೆ ರೆಕಾರ್ಡ್ ಆಗುತ್ತದೆ. "ಊಟದಲ್ಲಿ ವಿಷ ಹಾಕುತ್ತಿದ್ದಾರೆ" ಎಂದರೆ, ಇಲ್ಲ ಎಂದು ವಾದಿಸಿ ಗೆಲ್ಲಲಾಗದು. ತನಗೆ ಕಾಯಿಲೆಯಿದೆ ಎಂಬುದೇ ಕಾಣದಿರುವುದು ಹಟವಲ್ಲ, ಅನೇಕರಲ್ಲಿ ಕಾಯಿಲೆಯದೇ ಒಂದು ಭಾಗ. "ಹಾಗನ್ನಿಸಿದರೆ ಭಯ ಆಗಿಯೇ ಆಗುತ್ತದೆ, ನಿದ್ದೆ ಬರುತ್ತಿದೆಯಾ?" ಎಂದು ಕೇಳಿ. ನಿದ್ದೆ, ಊಟ, ಮಾತ್ರೆ ಸಿಗುತ್ತಿದೆಯೇ, ಸಾಯಬೇಕು ಅನ್ನಿಸುತ್ತಿದೆಯೇ, ಇಷ್ಟಕ್ಕೆ ಹತ್ತು ನಿಮಿಷ ಸಾಕು. ಸಾವಿನ ಮಾತು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಬಿಡುವುದಿಲ್ಲ. ಹೌದು ಎಂದರೆ ಹೊರಡುವ ಮುನ್ನ ಅಧಿಕಾರಿಗೆ ಹೇಳಿ, ಅದೇ ದಿನ ಬರವಣಿಗೆಯಲ್ಲೂ ಕೊಡಿ.

ಜಾಮೀನಿಗೆ ಆತುರಪಡುವ ಮುಂಚೆ ಹೊರಗೆ ಬಂದವರು ಆ ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಗೊತ್ತಿರಬೇಕು. ದೂರು ಕೊಟ್ಟವರು ಮನೆಯವರೇ ಆಗಿದ್ದರೆ ಅದೇ ಮನೆಗೆ ಹೋಗಬಾರದೆಂಬ ಷರತ್ತು ಇರಬಹುದು. ಕರುಳು ಕರಗಿ ಒಳಗೆ ಬಿಟ್ಟುಕೊಂಡರೆ ಷರತ್ತು ಮುರಿದ ತಪ್ಪು ಮಗನ ತಲೆಗೇ. ಬೇರೆ ಜಾಗ ನೋಡುವುದು ಕೈಬಿಟ್ಟಂತಲ್ಲ. ಬಿಡುಗಡೆಯ ದಿನವೇ ಕೈಯಲ್ಲಿ ಕನಿಷ್ಠ ಎರಡು ವಾರದ ಔಷಧಿ, ವಾರದೊಳಗಿನ ಮನೋವೈದ್ಯರ ಅಪಾಯಿಂಟ್‌ಮೆಂಟ್, ಕೋರ್ಟಿನ ಮುಂದಿನ ದಿನಾಂಕ ಬರೆದ ಚೀಟಿ ಇರಲಿ. ಹೆರಾಯಿನ್, ಅಫೀಮಿನಂಥ ಒಪಿಯಾಯ್ಡ್ ಮಾದಕದ ಚಟವಿದ್ದವರಿಗೆ ಮೊದಲ ಎರಡು ವಾರ ಅತಿ ಅಪಾಯದ ಕಾಲ: ಒಳಗಿದ್ದಾಗ ದೇಹದ ಸಹಿಷ್ಣುತೆ ಇಳಿದಿರುತ್ತದೆ, ಹಳೆಯ ಪ್ರಮಾಣವೇ ಜೀವ ತೆಗೆಯಬಹುದು. ಮತ್ತೆ ಸಿಗರೇಟು ಶುರುವಾದರೆ ಕ್ಲೊಜಪಿನ್ ಪ್ರಮಾಣ ಇಳಿಯುತ್ತದೆ, ಆದ್ದರಿಂದ ಮೊದಲ ಭೇಟಿಯಲ್ಲೇ ರಕ್ತದಲ್ಲಿನ ಮಟ್ಟ ನೋಡಲು ವೈದ್ಯರನ್ನು ಕೇಳಿ. ಹೋಗುವಾಗ ಅದೇ ಹಾಳೆ ಜೊತೆಗಿರಲಿ, ಜೈಲಿನಲ್ಲಿ ಕೊಟ್ಟ ಡೋಸ್‌ಗಳನ್ನು ಸೇರಿಸಿ ಹೊಸದಾಗಿ ಬರೆದದ್ದು.